ಜಡೆಯೊಳಗಿನ ಕೆಂಪು ದಾರ

ಬೆಳಗಿನ ಐದೂವರೆ. ಯಡಿಯೂರು ಕೆರೆಯ ಮೇಲಿಂದ ಬರುವ ತಣ್ಣನೆ ಗಾಳಿಗೆ ಮುನಿಲಕ್ಷ್ಮಮ್ಮನ ಹಿತ್ತಲಿನ ಹಗ್ಗದ ಮೇಲೆ ಕೂದಲು ತೂಗಾಡುತ್ತಿದೆ. ಹೊಸಬರು ನೋಡಿದರೆ ಒಂದು ಹೆಜ್ಜೆ ಹಿಂದಕ್ಕಿಡಬೇಕು: ತಲೆಗಳಿಲ್ಲ, ಬರೀ ಕೂದಲಿನ ಕಂತೆಗಳು, ಸಾಲಾಗಿ ಹದಿನಾಲ್ಕು. ಸೀಗೆಕಾಯಿ ನೀರಿನಲ್ಲಿ ಮೂರು ಸಲ ತೊಳೆದದ್ದು. ಮುನಿಲಕ್ಷ್ಮಮ್ಮ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡುತ್ತಾಳೆ, ಎಣ್ಣೆಯ ಕಮಟು ಉಳಿದಿದ್ದರೆ ಮತ್ತೆ ನೀರಿಗೆ.

ಕೂದಲು ಗಿಡ್ಡವಿರುವ ಹೆಂಗಸರು ಜಡೆಗೆ ಸೇರಿಸಿ ಹೆಣೆದುಕೊಳ್ಳುವ ಚೌರಿ ಅವಳ ಕಸುಬು. ಮೊಳೆ ಹೊಡೆದ ಹಲಗೆಯ ಮೇಲೆ ಎಳೆದು ಸಿಕ್ಕು ಬಿಡಿಸಬೇಕು, ಉದ್ದದ ಪ್ರಕಾರ ವಿಂಗಡಿಸಬೇಕು, ಬುಡ ಸೇರಿಸಿ ದಾರದಿಂದ ಬಿಗಿಯಬೇಕು. ಒಂದು ಚೌರಿಗೆ ನಾಲ್ಕು ದಿನ. ಬಿಗಿಯುವಾಗ ಇನ್ನೊಂದು ತುದಿಯನ್ನು ಯಾರಾದರೂ ಹಿಡಿದಿರಲೇಬೇಕು. ಆ ಕೆಲಸ ಗಂಡ ಬೈರಣ್ಣನದು. ಜಯನಗರದ ಬ್ಲಾಕುಗಳಲ್ಲಿ, ಬಸವನಗುಡಿಯಲ್ಲಿ ಮನೆಮನೆ ತಿರುಗಿ, ಬಾಚಿದಾಗ ಉದುರಿದ ಕೂದಲನ್ನು ಪಿನ್ನು, ಬಾಚಣಿಗೆ ಕೊಟ್ಟು ತರುವವನೂ ಅವನೇ. ಮೂರನೇ ಬ್ಲಾಕಿನಲ್ಲಿ ಈಗ ಅವನು ಕೂಗುತ್ತಾ ಹೋಗುವ ರಸ್ತೆಯೊಂದು ಮೊದಲು ಅವನ ಅಪ್ಪನ ರಾಗಿ ಹೊಲವಾಗಿತ್ತು.

"ಕೂದ್ಲು ಮಗೀನಂಗೆ ಕಣಮ್ಮ," ಎನ್ನುತ್ತಾಳೆ ಮುನಿಲಕ್ಷ್ಮಮ್ಮ, "ಕ್ವಾಪ ಮಾಡ್ಕಂಡು ಎಳುದ್ರೆ ಇನ್ನೂ ಗಂಟಾಯ್ತದೆ."

ಕಟ್ಟಿದ ಪ್ರತಿ ಚೌರಿಯ ಬುಡದಲ್ಲೂ, ಹೊರಗೆ ಕಾಣದ ಹಾಗೆ, ಒಂದು ಕೆಂಪು ದಾರ ಸುತ್ತುತ್ತಾಳೆ. ಅದು ಅವಳ ಗುರುತು. ಹಾಗೆಯೇ ಒಂದು ಕರಾರೂ ಉಂಟು. ಹೆಣ್ಣು ನೋಡುವ ದಿನಕ್ಕೆಂದು ಚೌರಿ ಕೇಳಿ ಬಂದರೆ, ಹುಡುಗನಿಗೆ ಮೊದಲೇ ತಿಳಿಸಿರಬೇಕು. "ಅತ್ತೆಗೆ ಯೋಳ್ಬ್ಯಾಡಿ, ನಾದಿನಿಗೆ ಯೋಳ್ಬ್ಯಾಡಿ, ಊರಿಗೇ ಯೋಳ್ಬ್ಯಾಡಿ. ಕಟ್ಕಳೋನ್ಗೆ ಮಾತ್ರ ಗೊತ್ತಿರ್ಬೇಕು." ಈ ಕರಾರಿಗೆ ಬೇಸತ್ತು ಎಷ್ಟೋ ತಾಯಂದಿರು ಪೇಟೆಯ ಅಂಗಡಿಗೆ ಹೋಗಿದ್ದಾರೆ. ಹೋಗಲಿ ಎನ್ನುತ್ತಾಳೆ.

ಅದಕ್ಕೆ ಕಾರಣ ಅವಳ ಮದುವೆಯೇ. ಮುನಿಲಕ್ಷ್ಮಮ್ಮನಿಗೆ ಹುಟ್ಟಿನಿಂದ ಗೇಣುದ್ದದ ಕೂದಲು. ಹೆಣ್ಣು ನೋಡಲು ಬಂದ ದಿನ ಸೋದರತ್ತೆ ಎಲ್ಲಿಂದಲೋ ಎರವಲು ಚೌರಿ ತಂದು ಮಂಡಿಯವರೆಗೆ ಜಡೆ ಹೆಣೆದಳು. ಮದುವೆಯಾದ ಮೂರನೇ ದಿನದ ಎಣ್ಣೆ ನೀರಿನಲ್ಲಿ ಅದು ಕಳಚಿ ಬಚ್ಚಲಿಗೆ ಬಿತ್ತು.

"ಹನ್ನೊಂದು ತಿಂಗ್ಳು ನನ್ ಕೂಡೆ ಮಾತಿಲ್ಲ. ಏನಾದ್ರೂ ಬೇಕಾದ್ರೆ ಎಮ್ಮೆ ಕಡೆ ತಿರುಕ್ಕಂಡು, 'ಹಿಟ್ಟಾಯ್ತಾ?' ಅನ್ನೋನು."

"ಎಮ್ಮೆ ಸುಳ್ಳು ಯೋಳಿರ್ನಿಲ್ಲವಲ್ಲ," ಎಂದು ಮೂಲೆಯಿಂದ ಬೈರಣ್ಣ.

ಹನ್ನೆರಡನೇ ತಿಂಗಳು, ಬಸವನಗುಡಿಗೆ ಸೊಪ್ಪು ಮಾರಲು ಹೋದವನು ಟವಲಿನ ತುಂಬ ಕೂದಲು ತಂದು ಹೆಂಡತಿಯ ಮುಂದೆ ಸುರಿದ. ಮನೆಮನೆಯಲ್ಲಿ ಕೇಳಿ ತಂದದ್ದು. "ಕಟ್ಕ," ಎಂದ. ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ಚೌರಿ ಮಾರುತ್ತಿದ್ದ ಮುದುಕಿಯ ಹತ್ತಿರ ಮುನಿಲಕ್ಷ್ಮಮ್ಮ ಕೆಲಸ ಕಲಿತಳು. ಮೊದಲ ಚೌರಿ ಕಟ್ಟಿದ್ದು ತನಗೇ. ತುದಿ ಹಿಡಿದವನು ಬೈರಣ್ಣ.

"ಗಂಡಂಗೆ ಗೊತ್ತಿದ್ದು ಮುಡುದ್ರೆ ಚೌರಿ ಭಾರ ಆಗಾಕಿಲ್ಲ. ಗೊತ್ತಿಲ್ದೆ ಮುಡುದ್ರೆ ಕತ್ತು ಬಿದ್ದೋಯ್ತದೆ."

ಹೋದ ವರ್ಷ ಈ ಕರಾರಿಗೆ ಗಟ್ಟಿ ಪರೀಕ್ಷೆಯೇ ಬಂತು. (ಮುಂದೆ ಬರುವವರ ಹೆಸರುಗಳನ್ನು ಬದಲಿಸಲಾಗಿದೆ. "ನಂದೊಂದ್ ಸರ್ಯಾಗ್ ಹಾಕಿ, ಸಾಕು," ಎಂದಿದ್ದಾಳೆ ಮುನಿಲಕ್ಷ್ಮಮ್ಮ.) ಕಾತ್ಯಾಯಿನಿ ಶಾಲೆಯ ಟೀಚರು. ದಿನಾ ಬಸ್ ಸ್ಟಾಪಿನಲ್ಲಿ ಅವಳ ಹಿಂದೆ ನಿಲ್ಲುತ್ತಿದ್ದ ಗುಮಾಸ್ತ ಗೌರೀಶಂಕರ, ಅವಳ ಉದ್ದ ಜಡೆಗೆ ಮನಸೋತು ಚಿಕ್ಕಪ್ಪನ ಮೂಲಕ ಹೆಣ್ಣು ಕೇಳಿಸಿದ. ಅಷ್ಟರಲ್ಲಿ ಅವಳಿಗೆ ಟೈಫಾಯ್ಡ್. ಮೂರು ತಿಂಗಳಿಗೆ ಜ್ವರ ಬಿಟ್ಟಾಗ, ಉದುರಿ ಸಿಕ್ಕಾದದ್ದನ್ನು ಕತ್ತರಿಸಿ ಉಳಿದದ್ದು ಕತ್ತಿನುದ್ದದ ಕೂದಲು. ಉದುರಿದ್ದು, ಕತ್ತರಿಸಿದ್ದು ಎಲ್ಲವನ್ನೂ ಬಿಸ್ಕತ್ ಡಬ್ಬಿಯಲ್ಲಿ ತುಂಬಿಕೊಂಡು ತಾಯಿ ಮಗಳ ಜೊತೆ ಯಡಿಯೂರಿಗೆ ಬಂದಳು. ಬರುವ ಭಾನುವಾರ ಹೆಣ್ಣು ನೋಡುವ ಶಾಸ್ತ್ರ.

"ಹುಡುಗ ಮೆಚ್ಚಿರೋದೇ ಜಡೆ. ಹೇಳಿದ್ರೆ ಬರ್ತಾನೇನ್ರೀ?" ಎಂದು ತಾಯಿ ಕಣ್ಣೊರೆಸಿಕೊಂಡಳು.

"ಬರ್ದಿದ್ರೆ ಈಗ್ಲೇ ಬರ್ದೆ ಇರ್ಲಿ ಕಣಮ್ಮ. ಆಮ್ಯಾಕೆ ಎಮ್ಮೆ ಕೂಡೆ ಮಾತಾಡಿದ್ರೆ ಏನ್ಮಾಡ್ತೀರಿ?"

ಪಕ್ಕದಲ್ಲಿದ್ದ ಕಾತ್ಯಾಯಿನಿ, "ನಾನೇ ಹೇಳ್ತೀನಿ ಬಿಡಿ," ಎಂದಳು.

ಮರುದಿನ ತಲೆಗೆ ಸೆರಗು ಹೊದೆಯದೆ ಬಸ್ ಸ್ಟಾಪಿನಲ್ಲಿ ನಿಂತಳು. ಹಿಂದೆ ಬಂದು ನಿಂತ ಗೌರೀಶಂಕರನಿಗೆ ಗುರುತೇ ಸಿಗಲಿಲ್ಲ. ಆಚೀಚೆ ನೋಡಿ ಅವಳನ್ನೇ ಕೇಳಿದ: "ಮೇಡಂ, ಇಲ್ಲಿ ಉದ್ದ ಜಡೆಯ ಟೀಚರೊಬ್ರು ನಿಲ್ತಿದ್ರಲ್ಲ, ಅವ್ರು ಬರೋಕ್ ಶುರು ಮಾಡಿದ್ರಾ?"

ಅವಳು ತಿರುಗಿದಳು. "ಬಂದಿದೀನಿ. ಜಡೆ ಮಾತ್ರ ಬಂದಿಲ್ಲ."

ಬಸ್ಸು ಬಂತು, ಅವಳು ಹತ್ತಿದಳು, ಅವನು ಅಲ್ಲೇ ನಿಂತಿದ್ದ. ಮರುದಿನ ಸ್ಟಾಪಿಗೇ ಬರಲಿಲ್ಲ, ಅದರ ಮರುದಿನವೂ ಇಲ್ಲ. ಡಬ್ಬಿಯ ಕೂದಲು ಮುನಿಲಕ್ಷ್ಮಮ್ಮನ ಕೈಯಲ್ಲಿ ಹದವಾಗುತ್ತಿತ್ತು. ಬಿಗಿಯಲು ಮಾತ್ರ ಮನಸ್ಸು ಬಾರದು.

ಶನಿವಾರ ಬೆಳಗ್ಗೆ ಅವಳ ಬಾಗಿಲಲ್ಲಿ ಪ್ಯಾಂಟು ಹಾಕಿದ ಹುಡುಗನೊಬ್ಬ ಬಂದು ನಿಂತ. ಕಾತ್ಯಾಯಿನಿಯ ತಾಯಿಯಿಂದ ಚೌರಿಯ ವಿಷಯ ತಿಳಿದು, ವಿಳಾಸ ಕೇಳಿಕೊಂಡು ಬಂದಿದ್ದ.

"ಅಮ್ಮ, ನಾಳೆ ನಮ್ಮಮ್ಮ ಜಡೆ ಮುಟ್ಟಿ ನೋಡೇ ನೋಡ್ತಾರೆ. ಗೊತ್ತಾಗದ ಹಾಗೆ ಕಟ್ಟಿಕೊಡಿ."

"ನಿಮ್ಗೆ ಜಡೆ ಬೇಕಾಗಿತ್ತಂತಲ್ಲ ಸ್ವಾಮಿ?"

"ಎರಡು ದಿನ ಯೋಚನೆ ಮಾಡ್ದೆ. ಅವತ್ತು ಅವ್ರು ಹೇಳಿದ ರೀತಿ ಇದೆಯಲ್ಲ, ಅದೇ ಕಿವೀಲಿ ಕೂತಿದೆ. ಜಡೆ ನೆನಪಿಗೇ ಬರ್ತಿಲ್ಲ."

ಬೈರಣ್ಣ ಎದ್ದು, ತಾನು ಕೂರುವ ಮಣೆಯನ್ನು ಅವನ ಕಡೆ ತಳ್ಳಿದ. ಮುನಿಲಕ್ಷ್ಮಮ್ಮ ಕೂದಲಿನ ತುದಿಯನ್ನು ಅವನ ಕೈಗಿಟ್ಟಳು. "ಹಿಡ್ಕಳಿ. ಸಡ್ಲ ಬಿಟ್ರೆ ಗಂಟು ನಿಲ್ಲಾಕಿಲ್ಲ." ಮಧ್ಯಾಹ್ನದವರೆಗೆ ಅಲ್ಲಾಡದೆ ಹಿಡಿದು ಕುಳಿತಿದ್ದ.

ಭಾನುವಾರ ಹುಡುಗನ ತಾಯಿ ಶಿವಬಸಮ್ಮ, ಹೂ ಮುಡಿಸುವ ನೆವದಲ್ಲಿ ಜಡೆಯ ಬುಡಕ್ಕೆ ಬೆರಳು ಹಾಕಿದರಂತೆ. ಬೆರಳು ಗಂಟಿನ ಮೇಲೆ ನಿಂತಿತು. "ಜಡೆ ಚೆನ್ನಾಗಿದೆ," ಎಂದು ಹೂ ಮುಡಿಸಿಬಿಟ್ಟರು. ವಾರ ಕಳೆದ ಮೇಲೆ ಶಿವಬಸಮ್ಮನವರೇ ಯಡಿಯೂರಿಗೆ ಬಂದರು, ಸಡಿಲವಾದ ತಮ್ಮ ಚೌರಿಯನ್ನು ಬಿಗಿಸಿಕೊಳ್ಳಲು. ಎಂಟು ವರ್ಷದ ಗಿರಾಕಿ. "ಕೆಂಪು ದಾರ ಕಂಡೆ. ನಾನು ಕಂಡಿದ್ದು ನಮ್ಮನೆ ಹುಡುಗರಿಗೆ ಗೊತ್ತಾಗೋದು ಬೇಡ," ಎಂದರು.

ಮದುವೆಗೆ ಗಂಡಹೆಂಡಿರಿಬ್ಬರಿಗೂ ಕರೆ ಬಂದಿತ್ತು. ಮುನಿಲಕ್ಷ್ಮಮ್ಮ ಛತ್ರದ ಹಿಂದಿನ ಸಾಲಿನಲ್ಲಿ ಕುಳಿತಳು. ಅಲ್ಲಿಂದ ಕಾಣುವುದು ಹೆಂಗಸರ ಬೆನ್ನು ಮಾತ್ರ. ಅವಳಿಗೆ ಬೇಕಾದದ್ದೂ ಅಷ್ಟೇ.

ಬರುವಾಗ ದಾರಿಯಲ್ಲಿ ಬೈರಣ್ಣ ಕೇಳಿದನಂತೆ, "ಎಷ್ಟಿದ್ವು ನಿನ್ನವು?"

"ಮದುವಣಗಿತ್ತೀದೂ ಸೇರ್ಸಿ ಒಂಬತ್ತು."

"ಹತ್ತು ಕಣಮ್ಮಿ. ನಿನ್ ತಲೇದು ಬಿಟ್ಬುಟ್ಟೆ."