ಬಾಡಿಗೆ ಮನೆಗಾಗಿ ಹಿಡಿಸಿದ ವ್ರತ

ಏಜೆಂಟ್ ಅಡ್ವಾನ್ಸ್ ತೆಗೆದುಕೊಂಡು ಫೋನ್ ಬಂದ್ ಮಾಡಬಹುದಿತ್ತು. ಮನೆ ಒಬ್ಬರದು, ಬೀಗದ ಕೈ ಇನ್ನೊಬ್ಬರದು ಆಗಿರಬಹುದಿತ್ತು. ಕೆಳಗಿನ ಮನೆಯಾದರೆ ಗೋದಾವರಿಯ ನೀರು ಹೊಸ್ತಿಲು ದಾಟಬಹುದಿತ್ತು, ಮೇಲಿನದಾದರೆ ನಳದ ನೀರು ಮೇಲೇರದೆ ಹೋಗಬಹುದಿತ್ತು. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ನನ್ನ ಆಧಾರ್ ನಂಬರ್ ತಪ್ಪಿ, ಪೊಲೀಸರಿಗೆ ಕೊಡುವ ಬಾಡಿಗೆದಾರರ ಫಾರ್ಮಿನಲ್ಲಿ ನಾನು ಯಾವನೋ ಕಳ್ಳನಾಗಿ ಕಾಣಿಸಬಹುದಿತ್ತು. ಸಾಮಾನಿನ ಟೆಂಪೊ ಅರ್ಧ ದಾರಿಯ ಯೇವಲಾ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಅಡ್ರೆಸ್ಸಿನ ಕಾಗದ ಇಲ್ಲವೆಂದು ಶಾಲೆಯವರು ಮಗಳನ್ನು ಸೇರಿಸಿಕೊಳ್ಳದೆ ಹೋಗಬಹುದಿತ್ತು. ಪಕ್ಕದ ಮನೆಯವರು ನಾಯಿ ಸಾಕಿರಬಹುದಿತ್ತು.

ಇಷ್ಟನ್ನೂ ನಾನು ಹಳೇ ಡೈರಿಯ ಕೊನೇ ಹಾಳೆಯಲ್ಲಿ ನಂಬರ್ ಹಾಕಿ ಬರೆದಿಟ್ಟಿದ್ದೆ. ಹೆಂಡತಿ ಅದನ್ನು ಓದಿ, "ಭೂಕಂಪ ಬಿಟ್ಟೀರಲ್ರೀ" ಅಂದಳು. ಬರೆದುಕೊಂಡೆ.

ನಾವು ಬೀದರ್ ಜಿಲ್ಲೆಯವರು. ನಾನು ಛತ್ರಪತಿ ಸಂಭಾಜಿನಗರದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಮಶೀನುಗಳ ಜೊತೆ ಕಳೆದೆ. ಅಲ್ಲಿ ನಮ್ಮ ಬಾಡಿಗೆ ಮನೆ ಎರಡೇ ಕೋಣೆಯದು. ಆದರೆ ಗಲ್ಲಿಯಲ್ಲಿ ನನ್ನ ಹೆಂಡತಿಯ ದನಿ ಕೇಳದ ದಿನವಿರಲಿಲ್ಲ. ಆ ಊರಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ ಅನ್ನುವ ಹಾಗೆ. ಟ್ಯಾಂಕರ್ ಬಂದರೆ ಕೊಡಗಳನ್ನು ಸಾಲು ಹಚ್ಚಿಸಿ, ನಡುವೆ ನುಗ್ಗಿದವರನ್ನು ಹಿಂದಕ್ಕಟ್ಟುವುದು ಆಕೆಯ ಕೆಲಸ. ಆಕೆಯ ಮರಾಠಿಯಲ್ಲಿ ಪ್ರತಿ ನಾಲ್ಕನೇ ಮಾತಿಗೆ ಒಂದು "ನೋಡ್ರಿ" ಬರುತ್ತಿತ್ತು. ಟ್ಯಾಂಕರಿನ ಡ್ರೈವರ್ ಕೂಡ ಆಕೆಗೆ "ಹೋ ತಾಯಿ, ನೋಡ್ರಿ" ಅಂತಲೇ ಉತ್ತರ ಕೊಡುತ್ತಿದ್ದ.

ಆ ವರ್ಷ ಜುಲೈಯಲ್ಲಿ ಕಂಪನಿ ನನ್ನನ್ನು ನಾಸಿಕ್‌ಗೆ, ಓಝರ್ ಕಡೆಯ ಘಟಕಕ್ಕೆ ವರ್ಗ ಮಾಡಿತು. ಹದಿನೈದು ದಿನ ಗೆಸ್ಟ್ ಹೌಸ್. ಅಷ್ಟರೊಳಗೆ ಮನೆ ಸಿಗಬೇಕು. ಸಿಗದಿದ್ದರೆ ಹೆಂಡತಿ, ಮಗಳು ವಾಪಸ್, ನಾನೊಬ್ಬನೇ ಇಲ್ಲಿ. ಮೊದಲು ನೋಡಿದ ಮನೆಯ ಯಜಮಾನ "ಯಾವ ಕಡೆಯವರು?" ಅಂದ. ನನ್ನ ಹೆಂಡತಿ ಎದೆ ಸೆಟೆಸಿ "ಬೀದರ್, ಕರ್ನಾಟಕ" ಅಂದಳು. ಸಂಜೆ ಫೋನ್ ಮಾಡುತ್ತೇನೆ ಅಂದವನು ಮಾಡಲಿಲ್ಲ. ಅವನು ಮನೆಯನ್ನು ತನ್ನ ಭಾವಮೈದುನನಿಗೇ ಕೊಟ್ಟಿದ್ದನೆಂದು ಏಜೆಂಟ್ ಆಮೇಲೆ ಹೇಳಿದ. ಆದರೆ ಅಷ್ಟರಲ್ಲಿ ನಾನು ಎರಡು ರಾತ್ರಿ ನಿದ್ದೆಗೆಟ್ಟು ತೀರ್ಮಾನಕ್ಕೆ ಬಂದಾಗಿತ್ತು: ಮನೆ ತಪ್ಪಿದ್ದು ಆಕೆಯ ಮಾತಿನಿಂದ. ಡೈರಿಯಲ್ಲಿ ಅದಕ್ಕೂ ಒಂದು ನಂಬರ್ ಬಿತ್ತು.

ಎರಡನೇ ಮನೆ ಪಂಚವಟಿಯ ಒಂದು ಗಲ್ಲಿಯಲ್ಲಿ. ಕೆಳಗೆ ಮನೆಯೊಡತಿ, ಮೇಲೆ ಖಾಲಿ ಎರಡು ಕೋಣೆ, ಅಡುಗೆಮನೆಗೆ ಗಾಳಿ ಬೆಳಕು, ಕಂಪನಿಯ ಬಸ್ಸು ನಿಲ್ಲುವ ಜಾಗ ಐದು ನಿಮಿಷ. ಇದು ತಪ್ಪಿದರೆ ಇನ್ನಿಲ್ಲ ಅನ್ನಿಸಿತು. ರಿಕ್ಷಾದಲ್ಲಿ ಹೋಗುವಾಗ ಹೆಂಡತಿಗೆ ಮೆಲ್ಲಗೆ ಹೇಳಿದೆ:

"ಅಲ್ಲಿ ನೀ ಭಾಳ ಮಾತಾಡಬ್ಯಾಡ. ಹೂಂ, ಹಾಂ ಅಂದ್ರ ಸಾಕು."

"ಯಾಕ್ರಿ? ನನ್ನ ಮರಾಠಿ ಕೇಳಿ ಅವರ ಗ್ವಾಡಿ ಬಿರಕ ಬಿಡ್ತಾವೇನು?"

"ಹಂಗಲ್ಲ..."

"ಹಂಗೇ ಅದ" ಅಂದು ಆಕೆ ಹೊರಗೆ ನೋಡತೊಡಗಿದಳು.

ಮನೆಯೊಡತಿ ಅರವತ್ತು ದಾಟಿದ ಹೆಂಗಸು, ಗಲ್ಲಿಗೆಲ್ಲ 'ಕಾಕೂ', ಚಿಕ್ಕಮ್ಮ. ದೇವಸ್ಥಾನದಿಂದ ಆಗಷ್ಟೇ ಬಂದಿದ್ದರು, ಕೈಯಲ್ಲಿ ಇನ್ನೂ ಬಿಲ್ವಪತ್ರೆಯ ಪೊಟ್ಟಣ. ನನ್ನನ್ನು ಕೂರಿಸಿ, ಮಗಳ ಗಲ್ಲ ಹಿಡಿದು, ಕೊನೆಗೆ ಹೆಂಡತಿಯ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, "ಏನಮ್ಮಾ, ತವರು ಯಾವುದು ನಿನ್ನದು?"

ಹೆಂಡತಿ ಬಾಯಿ ತೆರೆದಳು. ಅದು ಮುಗುಳುನಗೆಯೋ, ಉತ್ತರವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ಮೊದಲೇ ನಾನು ಹೇಳಿಬಿಟ್ಟೆ: "ಕಾಕೂ, ಇವಳದು ಮೌನವ್ರತ. ಶ್ರಾವಣ ಮುಗಿಯುವ ತನಕ."

ಆಕೆ ಶ್ರಾವಣ ಸೋಮವಾರ ಉಪವಾಸ ಮಾಡುವುದು ನಿಜ. ಮೌನ ಮಾತ್ರ ಆ ಗಳಿಗೆಯಲ್ಲಿ ಹುಟ್ಟಿದ್ದು. ಕಾಕೂ ಎದ್ದು ನಿಂತರು. ಕುಂಕುಮದ ಭರಣಿ ತಂದು ಹೆಂಡತಿಯ ಹಣೆಗೆ ಹಚ್ಚಿ, ಆಕೆ ಹಿಂದೆ ಸರಿಯುವುದರೊಳಗೆ ಬಗ್ಗಿ ಕಾಲು ಮುಟ್ಟಿಯೂಬಿಟ್ಟರು. ತಾಯಿಯ ವಯಸ್ಸಿನವರು. ಹೆಂಡತಿಯ ಮುಖ ಸುಣ್ಣದ ಹಾಗೆ ಬಿಳಿಚಿತು. ಇನ್ನೂ ಇಬ್ಬರು ಮನೆ ನೋಡಿ ಹೋಗಿದ್ದಾರೆಂದೂ ಇನ್ನು ಅವರಿಗೆ ಕೊಡುವುದಿಲ್ಲವೆಂದೂ, ಇಂಥ ಹೆಣ್ಣುಮಗಳು ತಲೆಯ ಮೇಲೆ ವಾಸವಿದ್ದರೆ ತಮಗೇ ಪುಣ್ಯವೆಂದೂ ಕಾಕೂ ಹೇಳಿದರು. ನಾನು ಕೈಮುಗಿದೆ. ಮನೆ ಸಿಕ್ಕಿತು.

ಗಲ್ಲಿಯ ತಿರುವು ದಾಟಿದ ಮೇಲೆ ಹೆಂಡತಿ ಬಾಯಿಬಿಟ್ಟಳು. "ಶ್ರಾವಣ ಇನ್ನೂ ಎಷ್ಟು ದಿನ ಅದ?"

"ಹತ್ತೊಂಬತ್ತು."

"ನಿಮಗ ನಾಚಿಕಿ ಬರ್ತದೋ ಇಲ್ಲೋ?"

ಬಂದಿತ್ತು. ಆದರೆ ಆಗ ನನಗೆ ಟೆಂಪೊದ ಚಿಂತೆ ಇತ್ತು.

ಮರುದಿನವೇ ಸಾಮಾನು ತಂದೆವು. ಶ್ರಾವಣ ಮುಗಿಯುವ ತನಕ ನಾವು ಅಡುಗೆಮನೆಯಲ್ಲಿ ಮಿಕ್ಸರ್ ಹಚ್ಚಿಕೊಂಡು ಮಾತಾಡಿದೆವು. ಆಕೆ ತವರಿಗೆ ಫೋನ್ ಮಾಡುವುದು ಬಚ್ಚಲಲ್ಲಿ, ನಳ ಬಿಟ್ಟು. "ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತಾಳೆ ನಿಮ್ಮಾಕೆ! ಎಂಥ ಮಡಿ!" ಎಂದು ಕಾಕೂ ನನ್ನ ಹತ್ತಿರ ಮೆಚ್ಚಿಕೊಂಡರು. ತರಕಾರಿ ಗಾಡಿಯವನಿಗೆ ಆಕೆ ಬೆರಳು ತೋರಿಸಿ ಚೌಕಾಸಿ ಮಾಡಿದಳು, ಅದರಲ್ಲೂ ಸೋಲಲಿಲ್ಲ. ಇದನ್ನೆಲ್ಲ ನಾನು ಆಫೀಸಿನಲ್ಲಿ ತಮಾಷೆಯಾಗಿ ಹೇಳಬಹುದೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಹೇಳಿದ್ದರೆ ಏನು ಮಾಡಿದೆನೆಂದೂ ಹೇಳಬೇಕಾಗುತ್ತಿತ್ತು, ಹಾಗಾಗಿ ಹೇಳಲಿಲ್ಲ.

ಒಂದು ಮಧ್ಯಾಹ್ನ, ರಜೆಯ ದಿನ, ಕಾಕೂ ಆಕೆಯನ್ನು ಕೆಳಗೆ ಕರೆದರು. ಆಕೆ ಮೇಲೆ ಬಂದಿದ್ದು ಒಂದು ತಾಸಿನ ಮೇಲೆ. ಮಿಕ್ಸರ್ ಹಚ್ಚಲು ಹೋದೆ, ಕೈ ಹಿಡಿದು ತಡೆದಳು. ಅಡುಗೆಮನೆಯ ನೆಲದ ಮೇಲೆ ಕೂತು ಪಿಸುಗುಟ್ಟಿದಳು.

"ಹೋದ ವರ್ಷ ಅವರ ತಂಗಿ ತೀರಿಕೊಂಡಾಳಂತ. ಆ ಸಂಕಟ ಯಾರ ಮುಂದೂ ಹೇಳಿಲ್ಲಂತ. ನೀ ಮಾತಾಡಂಗಿಲ್ಲ, ನಿನ್ನ ಮುಂದ ಹೇಳಬಹುದು ಅಂತ ಕುಂತು ಅತ್ತರು. ಅಷ್ಟು ಅತ್ತರು. ನಾ ಏನ್ ಮಾಡಲಿ? ಕೈ ಹಿಡ್ಕೊಂಡು ಕುಂತೆ. 'ಸಮಾಧಾನ ಮಾಡ್ಕೋರಿ' ಅಂತ ಒಂದು ಮಾತು ಅನ್ನಾಕ ಆಗ್ಲಿಲ್ಲ ನನಗ. ಒಂದು ಮಾತು."

ನಾನು ನೀರು ಕೊಟ್ಟೆ. ಕುಡಿಯಲಿಲ್ಲ. ಇಡೀ ಗಲ್ಲಿಯನ್ನು ಸಾಲಾಗಿ ನಿಲ್ಲಿಸುತ್ತಿದ್ದ ಹೆಂಗಸು ಸ್ಟೀಲ್ ಡಬ್ಬಿಗಳ ನಡುವೆ ಮೊಣಕಾಲು ಮಡಚಿ ಕೂತಿದ್ದಳು. ಮನೆ ಸಿಗಬಾರದಿತ್ತು ಎಂದು ನನಗೆ ಮೊದಲ ಸಲ ಅನ್ನಿಸಿತು. ಅನ್ನಿಸಿದ್ದನ್ನು ಆಕೆಗೆ ಹೇಳುವ ಧೈರ್ಯ ಬರಲಿಲ್ಲ. ಕ್ಷಮಿಸು ಅನ್ನುವ ಬದಲು "ಇನ್ನು ಆರೇ ದಿನ" ಅಂದೆ. ನನ್ನಂಥವರು ಸಮಾಧಾನ ಹೇಳುವುದೂ ಲೆಕ್ಕದಲ್ಲೇ.

ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಆಕೆ ಹೆರಳು ಹಾಕಿಕೊಂಡು ಮೆಟ್ಟಿಲ ಹತ್ತಿರ ನಿಂತಳು.

"ಖರೇ ಹೇಳಿ ಬರ್ತೀನಿ."

"ಪೂರಾ?"

"ಪೂರಾ. ಹೊರಗ ಹಾಕಿದ್ರ ನಿಮ್ಮ ಟೆಂಪೊ ಅದ ಅಲ್ಲ."

ನಾನು ಮೇಲೆ ನಿಂತು ಬಟ್ಟೆ ಒಣಹಾಕುವವನ ಹಾಗೆ ಒಂದೇ ಟವೆಲ್ಲನ್ನು ಹತ್ತು ಸಲ ಕೊಡವಿದೆ. ಕೆಳಗೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ಹೆಂಡತಿಯ ದನಿ, ನಡುನಡುವೆ "ನೋಡ್ರಿ". ಆಮೇಲೆ ಕಾಕೂ ಮೂಗು ಸೀಟಿದ ಸದ್ದು, ಇಬ್ಬರೂ ಒಟ್ಟಿಗೆ ನಕ್ಕ ಸದ್ದು. ಏನು ಮಾತಾಯಿತೆಂದು ಹೆಂಡತಿ ನನಗೆ ಪೂರ್ತಿ ಹೇಳಿಲ್ಲ. ಕಾಕೂ ಅವರ ತಾಯಿ ನಮ್ಮ ಬೀದರಿಗೆ ಹತ್ತಿರದ ಉದಗೀರ್ ಕಡೆಯವರಂತೆ, ಈ ಧಾಟಿಯ ಮರಾಠಿ ಕೇಳಿ ಎಷ್ಟು ವರ್ಷವಾಯಿತೋ ಅಂದರಂತೆ, ಇಷ್ಟೇ ಗೊತ್ತಾಗಿದ್ದು.

ಸಂಜೆ ನಾನು ಬಸ್ಸಿಳಿದು ಬರುವಾಗ ಕಾಕೂ ಬಾಗಿಲಲ್ಲಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಹೋ, ವ್ರತ ದಾರಿ ತಪ್ಪಿ ಆಕೆಯ ಪಾಲಿಗೆ ಬಿತ್ತು. ಹಿಡಿಯಬೇಕಾದವರು ನೀವು."

"ಹೌದು ಕಾಕೂ" ಅಂದೆ.

"ಈಗಲೂ ಮಾತಾಡುತ್ತೀರಲ್ಲ!"

ಅದಾದ ಮೇಲೆ ಎಲ್ಲ ಸುರಳೀತ. ಏಜೆಂಟ್ ತಾನಾಗಿಯೇ ಬಂದು ಅಗ್ರಿಮೆಂಟ್ ನೋಂದಣಿ ಮಾಡಿಸಿದ, ಆಧಾರ್ ನಂಬರ್ ಸರಿಯಿತ್ತು. ಪೊಲೀಸರ ಫಾರ್ಮಿಗೆ ಯಾರೂ ಹುಬ್ಬೇರಿಸಲಿಲ್ಲ. ನದಿ ಘಾಟಿನ ಮೆಟ್ಟಿಲಲ್ಲೇ ಉಳಿಯಿತು. ಪಕ್ಕದ ಮನೆಯಲ್ಲಿ ನಾಯಿ ಇಲ್ಲ. ಹೆಂಡತಿ ಮತ್ತು ಕಾಕೂ ಸಂಜೆ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಾ ಇಡೀ ಗಲ್ಲಿಗೆ ಕೇಳುವ ಹಾಗೆ ಮಾತಾಡುತ್ತಾರೆ. ಬರೆದಿಟ್ಟ ಪಟ್ಟಿಯಲ್ಲಿ ಒಂದೂ ನಿಜವಾಗಲಿಲ್ಲ. ಡೈರಿಯನ್ನು ರದ್ದಿಗೆ ಹಾಕಿದೆ.

ಸೆಪ್ಟೆಂಬರಿನಲ್ಲಿ ಮಗಳ ಶಾಲೆಯಲ್ಲಿ ಪಾಲಕರ ಸಭೆ. ಮಗಳು ನಾಲ್ಕನೇ ಇಯತ್ತೆ. ಕನ್ನಡ ಕೇಳಿಸಿಕೊಂಡಷ್ಟು ಸಲೀಸಾಗಿ ಆಡುವುದಿಲ್ಲ, ಮರಾಠಿ ಬೆರೆಸುತ್ತಾಳೆ. ಹೆಂಡತಿ ಹೊಸ ಸೀರೆ ಉಟ್ಟಿದ್ದಳು, ಟೀಚರಿಗೆ ಕೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಬಂದಳು. ತರಗತಿಯ ಬಾಗಿಲ ಹತ್ತಿರ ನಮ್ಮ ಸರದಿ ಬಂದಾಗ ಮಗಳು ತಾಯಿಯ ಕೈ ಜಗ್ಗಿ ನಿಲ್ಲಿಸಿದಳು. ತುಂಟತನವಿರಲಿಲ್ಲ. ಸಹಾಯ ಮಾಡುವವರ ಮೆಲುದನಿ.

"ಮಮ್ಮಿ, ಟೀಚರ್ ಮುಂದ ನೀ ಬೋಲೂ ನಕೋ ಹಾಂ. ಪಪ್ಪಾ ಮಾತಾಡತಾರ. ನಿಂದು ವ್ರತ ಅದ ಅಂತ ನಾ ಹೇಳತೀನಿ."