ಮಾಸ್ತರು ಪೇಟಿ ಮುಟ್ಟದ ದಿನ

ಕೊಟ್ಟೂರಿನ ಗಂಗಾಧರ ಮಾಸ್ತರರ ಫೋನು ಬಂತೆಂದರೆ ನನ್ನ ಹೆಂಡತಿ, "ಯಾರು ಹೋದ್ರಂತ?" ಎಂದು ಕೇಳುತ್ತಿದ್ದಳು. ಅವಳದೇನೂ ತಪ್ಪಿಲ್ಲ. ಮಾಸ್ತರು ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು. ನಾನು ಪಕ್ಕದಲ್ಲಿ ತಬಲ ಬಡಿಯುವವನು. ನಮ್ಮ ಕಡೆ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಮಣ್ಣಿಗೆ ಒಯ್ಯುವವರೆಗೂ ಎದುರಿಗೆ ಭಜನೆ ಹಾಡಿಸುತ್ತಾರೆ. ಮದುವೆಗೆ ಆರ್ಕೆಸ್ಟ್ರಾ ಬೇಕು, ಗಣಪತಿಗೆ ಡಿಜೆ ಬೇಕು, ನಾವು ಬೇಕಾಗುವುದು ಹೆಣದ ಮುಂದೆ ಮಾತ್ರ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಾಸ್ತರರಿಗೆ ಸಿಟ್ಟು ಬರುವಷ್ಟು ತ್ರಾಣವೂ ಉಳಿದಿರಲಿಲ್ಲ.

ಹಂಪಸಾಗರದ ಸೋದರಮಾವನ ಹತ್ತಿರ ಅವರು ಪೇಟಿ ಕಲಿತದ್ದು ಮೀಸೆ ಮೂಡುವ ಮೊದಲೇ. ಆಮೇಲೆ ಹಡಗಲಿ, ಕೂಡ್ಲಿಗಿ, ಉಚ್ಚಂಗಿದುರ್ಗ ಎಂದು ಊರೂರು ತಿರುಗಿ ಭಜನಾ ಮಂಡಳಿಗಳಿಗೆ ಹಳೆಯ ಪದಗಳನ್ನು ಹೇಳಿಕೊಟ್ಟರು. ಮಟ್ಟು ಬದಲಿಸಿ ಸಿನಿಮಾ ಧಾಟಿಯಲ್ಲಿ ಹಾಡಿದರೆ ಪೇಟಿ ಮುಚ್ಚಿ, ಹೆಗಲಿಗೆ ಟವೆಲ್ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಿದ್ದರು. ವಯಸ್ಸಾದ ಮೇಲೆ ಮಂಡಳಿಗಳು ಒಂದೊಂದಾಗಿ ಕರಗಿದವು. ಉಳಿದದ್ದು ಸಾವಿನ ಮನೆಗಳು. ನನ್ನ ಬೈಕಿನ ಹಿಂದೆ ಪೇಟಿ ತಬ್ಬಿಕೊಂಡು ಕೂತು, "ಇದೇ ಕಡೀದು, ಇನ್ನ ಸಾಕಪ್ಪ" ಎನ್ನುತ್ತಿದ್ದರು. ಮರುದಿನ ಮತ್ತೆ ಯಾರೋ ಸಾಯುತ್ತಿದ್ದರು, ಮತ್ತೆ ಹೋಗುತ್ತಿದ್ದೆವು.

ಸಾವಿನ ಮನೆಯಿಂದ ಬಂದವರು ಸ್ನಾನವಾಗದೆ ಒಳಗೆ ಕಾಲಿಡುವಂತಿಲ್ಲ. ಹಾಗಾಗಿ ಅವರ ಹೆಂಡತಿ ಗಾಳೆಮ್ಮನ ಸಂಸಾರವೆಲ್ಲ ಗಂಡನಿಗೆ ನೀರು ಕಾಯಿಸುವುದರಲ್ಲೇ ಕಳೆಯಿತು. ಬಾಯಿ ಜೋರು, ಕರುಳು ಮೆತ್ತಗೆ. ಕಿಡ್ನಿ ಕೆಟ್ಟು ಆಕೆ ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ನನ್ನ ಎದುರಿಗೇ ಗಂಡನನ್ನು ಕರೆದಳು.

"ನಿಮ್ಮವ್ವ ಹೋದಾಗ್ಲೂ ಪೇಟಿ ನುಡಿಸಿದ್ರಿ, ನಿಮ್ಮಣ್ಣ ಹೋದಾಗ್ಲೂ ನುಡಿಸಿದ್ರಿ. ಅತ್ತಿದ್ದು ನಾ ನೋಡ್ಲಿಲ್ಲ. ನಾ ಹೋದ ದಿನ ಪೇಟಿ ಮುಟ್ಟಬ್ಯಾಡ್ರಿ. ಗಂಡ ಆಗಿ ನನ್ನ ಬಾಜೂಕ ಕುಂದರ್ರಿ."

ಮಾಸ್ತರು ತಲೆಯಾಡಿಸಿದರು. ಮಾತು ಕೊಡುವುದು ಸುಲಭ, ಆದರೆ ಆ ದಿನ ನುಡಿಸುವವರು ಯಾರು? ಪೇಟಿಯಿಲ್ಲದೆ ಭಜನೆಯಿಲ್ಲ, ಭಜನೆಯಿಲ್ಲದೆ ಹೆಣ ಎತ್ತುವುದಿಲ್ಲ. ಕೊನೆಗೆ ಹುಲುಗೇಶನನ್ನು ಹಿಡಿದು ತಂದರು. ಒಂದು ಕಾಲದ ಶಿಷ್ಯ. ಈಗ ಹಗರಿಬೊಮ್ಮನಹಳ್ಳಿಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ, ಎರಡು ಮಕ್ಕಳ ತಂದೆ. ದಿನಾ ಸಂಜೆ ಬಂದು ಕೂರುತ್ತಿದ್ದ. ಅವನ ಬೆರಳು ಮಾತು ಕೇಳುತ್ತಿರಲಿಲ್ಲ, ಪ್ರತಿ ಸಾಲಿನ ತುದಿಗೂ ಒಂದು ಕುಣಿತ.

"ಲೇ, ಇದು ಸಾವಿನ ಮನಿ, ರಿಸೆಪ್ಷನ್ ಅಲ್ಲ!" ಎಂದು ಮಾಸ್ತರು ರೇಗುತ್ತಿದ್ದರು. ಒಳಗಿನಿಂದ ಗಾಳೆಮ್ಮ, "ಇರ್ಲಿ ಬಿಡ್ರಿ, ನಾನೂ ಒಂದೀಟು ಕುಣಕಂತ ಹೋಗ್ತೀನಿ" ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಮಾಸ್ತರು ಮಾತ್ರ ಪೇಟಿಯ ಮೇಲೆ ಹಣೆ ಇಟ್ಟು ಕೂತುಬಿಡುತ್ತಿದ್ದರು.

ಹೋದ ಶ್ರಾವಣದಲ್ಲಿ ಗಾಳೆಮ್ಮ ತೀರಿಕೊಂಡಳು. ಬೆಳಿಗ್ಗೆ ಪಡಸಾಲೆಯಲ್ಲಿ ಹಸಿರು ಸೀರೆ ಉಡಿಸಿ ಕೂಡಿಸಿದ್ದರು. ಮಾಸ್ತರು ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದಿದ್ದರು. ಎದುರಿಗೆ ಹುಲುಗೇಶ, ನಾನು, ತಾಳ ಹಿಡಿದು ಹಾಡುವ ಮುದುಕರು. ಮೊದಲ ಪದ ಹೇಗೋ ಸಾಗಿತು. ಎರಡನೆಯದರಲ್ಲಿ ಹುಲುಗೇಶ ಗಾಬರಿಯಾಗಿ ಶ್ರುತಿ ಏರಿಸಿಬಿಟ್ಟ. ಮುದುಕರ ಕಂಠ ಅಷ್ಟೆತ್ತರಕ್ಕೆ ಏರಲಿಲ್ಲ, ಹಾಡು ಹರಿದು ಹೋಯಿತು. ಯಾವತ್ತಿನ ರೂಢಿಯಂತೆ ಎಲ್ಲರ ಕತ್ತೂ ಮಾಸ್ತರರ ಕಡೆ ತಿರುಗಿತು. ನನ್ನದೂ ತಿರುಗಿತು, ನಾಚಿಕೆಗೇಡು.

ಮಾಸ್ತರರ ಕಣ್ಣು ನೆಲದ ಮೇಲಿತ್ತು. ಬೆರಳುಗಳು ಮಾತ್ರ ಹೆಂಡತಿಯ ಅಂಗೈ ಮೇಲೆ ಸರಿಯಾದ ಸ್ವರ ಒತ್ತುತ್ತಿದ್ದವು. ಅದು ಅವರಿಗೇ ಗೊತ್ತಿರಲಿಲ್ಲ. ಗೊತ್ತಾದ ಗಳಿಗೆ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ಗಾಳೆಮ್ಮ, ನೋಡಿದ್ಯಾ? ಮತ್ತ ಅದನ್ನ ಮಾಡಾಕತ್ತೀನಿ" ಎಂದವರು ಆಕೆಯ ಹೆಗಲಿಗೆ ಮುಖ ಒತ್ತಿ, ಮಕ್ಕಳ ಹಾಗೆ ದನಿ ತೆಗೆದು ಅತ್ತರು. ಅವರು ಅಳುವುದನ್ನು ನಾನೂ ಅವತ್ತೇ ಮೊದಲು ನೋಡಿದ್ದು. ನೋಡಲಾಗಲಿಲ್ಲ.

ಹುಲುಗೇಶ ಹೆದರಿ ಪೇಟಿಯಿಂದ ಕೈ ತೆಗೆದ. ಮಾಸ್ತರು ಮುಖ ಎತ್ತಲೇ ಇಲ್ಲ.

"ನಿಲ್ಲಸಬ್ಯಾಡಲೇ ಹುಲುಗ್ಯಾ. ತಪ್ಪಿದ್ರ ತಪ್ಪಲಿ. ನೀ ನಿಲ್ಲಿಸಿದ್ರ ಇವರು ಪೇಟಿ ತಂದು ನನ್ನ ಮುಂದ ಇಡ್ತಾರ."