ಸುಂಕಮ್ಮತ್ತೆ ಹೇಳದ ಹೆಸರು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಒತ್ತಕ್ಷರಗಳು ಸಾಲಿನಿಂದ ಕೆಳಗೆ ಜಾರುತ್ತವೆ. ಮಾತುಗಳೂ ನನಗೆ ಹೆಚ್ಚು ಬರುವುದಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತ ಉಳಿಯಿತು, ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಆದರೂ ನಮ್ಮ ಸುಂಕಮ್ಮತ್ತೆಯ ವಿಷಯ ಬರೆಯಬೇಕು. ಎರಡು ಸಲ ಬರೆದು ಹರಿದು ಹಾಕಿದ್ದೇನೆ, ಇದು ಮೂರನೆಯದು.

ಸುಂಕಮ್ಮತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ನಮ್ಮ ತೆಲಿಗಿಯಲ್ಲೇ ಪಕ್ಕದ ಓಣಿಗೆ ಹೋದವಳು. ಉಣ್ಣೆ ಹಿಂಜಿ ನೂಲುವುದು ಅವಳ ಕೆಲಸ, ಕಂಬಳಿ ನೇಯುವುದು ಮಾಮನ ಕೆಲಸ. ಹುಣಸೆಬೀಜದ ಗಂಜಿ ಕಾಯಿಸಿ ನೂಲಿಗೆ ಹಚ್ಚುವಾಗ ಇಬ್ಬರೂ ಸೇರುತ್ತಿದ್ದರು. ಗಂಜಿ ಗಟ್ಟಿಯಾಯಿತು, ಇಲ್ಲ ನೀರಾಯಿತು ಎಂದು ಜಗಳವಾಡುತ್ತಿದ್ದರು. ಮಾಮ ತೀರಿಕೊಂಡು ನಾಲ್ಕು ವರ್ಷವಾಯಿತು.

ಅವನ ಹೆಸರು ಯರ್ರೆಪ್ಪ. ನಾನು ಬರೆಯಬಹುದು, ಅತ್ತೆ ಹೇಳುವುದಿಲ್ಲ. ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಿಂದ ಆಡಿದವಳಲ್ಲ. ಪಡಿತರ ಅಂಗಡಿಯಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತಾಳೆ. ಬೇರೆ ಕಡೆ ತನ್ನ ಮಗನ ಹೆಸರು ಹಿಡಿದು 'ಬೀರಲಿಂಗೇಶನ ಅಪ್ಪ' ಎನ್ನುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಫೋನಿಗೆ ಬಂದ ಮೆಸೇಜು, ಕರೆಂಟು ಬಿಲ್ಲು, ಮದುವೆ ಕಾರ್ಡು ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. ಶಾಲೆ ಬಿಟ್ಟವಳೆಂದು ಎಲ್ಲರೂ ಆಡಿಕೊಂಡರೂ ಅವಳು ಮಾತ್ರ "ನಮ್ಮ ರೋಜಾ ಓದಿದ್ಲಂದ್ರ ಮುಗೀತು" ಎನ್ನುತ್ತಿದ್ದಳು.

ಕೊಟ್ಟೂರಿನ ಸುಕನ್ಯಾ ಮೇಡಂ ನಮ್ಮ ಮಹಿಳಾ ಸಂಘಕ್ಕೆ ತರಬೇತಿ ಕೊಡಲು ಬರುತ್ತಾರೆ. ಬಟ್ಟೆ ವ್ಯಾಪಾರದ ಮನೆತನದವರು. ಅತ್ತೆಯ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದಾರೆ. ಮಾಮ ಹೋದ ಮರುವರ್ಷ ಅವನು ಕೊನೆಯದಾಗಿ ನೇಯ್ದ ಕಂಬಳಿಯನ್ನು ಕೇಳಿದರು.

"ಬೆಂಗಳೂರಾಗ ಮ್ಯೂಸಿಯಂನ್ಯಾಗ ಇಡಸ್ತೀನಿ ಸುಂಕಮ್ಮ. ಯರ್ರೆಪ್ಪಣ್ಣನ ಹೆಸರು ದೊಡ್ಡ ಅಕ್ಷರದಾಗ ಬರಸ್ತೀನಿ."

ಅತ್ತೆ ಕೊಟ್ಟಳು. ಬೀರಲಿಂಗೇಶ ಬೇಡವೆಂದು ಎರಡು ದಿನ ಮುನಿಸಿಕೊಂಡಿದ್ದ. ಆಮೇಲೆ ಮೂರು ವರ್ಷ ಅವಳು ಬಾವಿ ಕಟ್ಟೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಅದನ್ನೇ ಹೇಳಿದಳು: "ನಮ್ಮನಿಯವರ ಹೆಸರು ಬೆಂಗಳೂರಾಗ ಐತಿ."

ಈ ವರ್ಷ ಸಂಘದಿಂದ ಒಂದು ದಿನದ ಬೆಂಗಳೂರು ಪ್ರವಾಸ ಬಂತು. ಮೂವತ್ತೆರಡು ಹೆಂಗಸರು, ಜೊತೆಗೆ ಸುಕನ್ಯಾ ಮೇಡಂ. ಮೊದಲು ವಿಧಾನಸೌಧ ನೋಡಿದೆವು. ನಮ್ಮ ಓಣಿಯ ಶಿವಲೀಲಾ ತಲೆ ಎತ್ತಿ ನೋಡಿ, "ಇಷ್ಟು ದೊಡ್ಡ ಮನಿ ಕಸ ಹೊಡಿಯಾಕ ಎಷ್ಟು ಮಂದಿ ಅದಾರಲೇ?" ಎಂದಳು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ನೋಡಿದ್ದಾತು, ನಡೀರೇ. ಇದೇನು ಓಡಿಹೋಗಾಂಗಿಲ್ಲ, ಮ್ಯೂಸಿಯಂ ಬಾಗಲಾ ಹಾಕ್ಯಾರು" ಎಂದು ಅವಸರ ಮಾಡಿದಳು. ಟಿಪ್ಪುವಿನ ಅರಮನೆಯಲ್ಲಿಯೂ ಮರದ ಕಂಬಗಳಿಗಿಂತ ಹೊರಬಾಗಿಲನ್ನೇ ಹೆಚ್ಚು ನೋಡಿದಳು.

ಕಸುಬಿನ ವಸ್ತುಗಳನ್ನಿಟ್ಟ ಆ ಮ್ಯೂಸಿಯಂ ಖಾಸಗಿಯದು, ಎರಡು ಅಂತಸ್ತು. ಮೇಡಂ ಕೆಳಗೆ ಚಹಾ ಕುಡಿಯುತ್ತ ಉಳಿದರು. ಮೇಲಿನ ಕೋಣೆಯಲ್ಲಿ ಗಾಜಿನ ಹಿಂದೆ ಕಂಬಳಿ ತೂಗುಬಿಟ್ಟಿದ್ದರು. ಅತ್ತೆ ದೂರದಿಂದಲೇ ಗುರುತಿಸಿದಳು. ಕರಿ ಉಣ್ಣೆ ಸಾಲದೆ ಮಾಮ ಕೊನೆಯ ಗೇಣಿಗೆ ಕಂದು ಉಣ್ಣೆ ಹಾಕಿದ್ದ.

"ಓದವ್ವ ರೋಜಾ."

ಗಾಜಿನ ಕೆಳಗೆ ಹೀಗೆ ಬರೆದಿತ್ತು: ಕುರಿ ಉಣ್ಣೆಯ ಕಂಬಳಿ, ಹರಪನಹಳ್ಳಿ ಸೀಮೆ. ನೇಯ್ದವರು: ತಿಳಿದಿಲ್ಲ. ಸುಕನ್ಯಾ ಅವರ ಕುಟುಂಬದ ಸಂಗ್ರಹದಿಂದ.

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೇವರ ಮುಂದೆ ನಿಂತ ಹಾಗೆ ಕೈ ಕಟ್ಟಿ ನಿಂತಿದ್ದಳು. ನಾನು ಆ ಮೂರು ಸಾಲನ್ನು ಎರಡು ಸಲ ಮನಸ್ಸಿನಲ್ಲೇ ಓದಿದೆ. ಆಮೇಲೆ ಗಟ್ಟಿಯಾಗಿ, "ನೇಯ್ದವರು ಯರ್ರೆಪ್ಪ, ತೆಲಿಗಿ" ಎಂದೆ.

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಇನ್ನೊಮ್ಮೆ" ಎಂದಳು. ಇನ್ನೊಮ್ಮೆ ಹೇಳಿದೆ. ಅಷ್ಟಕ್ಕೆ ನಿಲ್ಲುತ್ತದೆ ಎಂದುಕೊಂಡೆ. ಆದರೆ ತಾನು ಆಡಲಾಗದ ಹೆಸರನ್ನು ಊರ ಹೊರಗಿನವರ ಬಾಯಿಂದಲೂ ಕೇಳುವ ಆಸೆ ಅವಳಿಗೆ. ಬಾಗಿಲಲ್ಲಿದ್ದ ಕಾವಲುಗಾರರನ್ನು ಕರೆದಳು.

"ಯಣ್ಣಾ, ಇದನ್ನೊಂದೀಟು ಓದ್ರಿ."

"ಯಾವೂರವ್ವ? ಮಾತು ನಮ್ಮ ಕಡೀದು ಇದ್ದಂಗೈತಿ."

"ತೆಲಿಗಿ."

"ನಂದು ಹಡಗಲಿ ಕಡೀಗೆ. ಹುಲುಗಣ್ಣ ಅಂತ." ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. "ನೇಯ್ದವರು, ತಿಳಿದಿಲ್ಲ."

ಅತ್ತೆ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅದರಿಂದಲೇ ಅವಳಿಗೆ ತಿಳಿಯಿತು.

ಅಷ್ಟರಲ್ಲಿ ಮೇಡಂ ಬಸ್ಸಿಗೆ ಕರೆಯಲು ಮೇಲೆ ಬಂದರು. ಓದಿದ್ದನ್ನು ಕೇಳಿಸಿಕೊಂಡಿದ್ದ ಶಿವಲೀಲಾ ಅಡ್ಡ ನಿಂತು ಮಾಮನ ಹೆಸರೆಲ್ಲಿ ಎಂದು ಕೇಳಿದಳು.

"ಫಾರ್ಮ್ ತುಂಬುವಾಗ ನೇಯ್ದವರ ಹೆಸರು ಕೇಳಿದ್ನಲ್ಲವ್ವ. ಸುಂಕಮ್ಮ ಹೇಳಲೇ ಇಲ್ಲ. ನಮ್ಮನಿಯವರು, ನಮ್ಮನಿಯವರು ಅಂತ ಅಂದ್ರು. ಹಂಗಂತ ಬರಿಯಾಕ ಆಗತೈತೇನು?"

"ನಿಮಗ ಗೊತ್ತಿದ್ದಿಲ್ಲೇನ್ರಿ? ಯರ್ರೆಪ್ಪಣ್ಣ, ಯರ್ರೆಪ್ಪಣ್ಣ ಅಂತ ರೊಟ್ಟಿ ತಿಂದ್ರಿ."

"ಮನೆಯವರು ಹೇಳಿದ್ದನ್ನ ಬರೀಬೇಕವ್ವ, ರೂಲ್ಸು."

ಅತ್ತೆ ಮುಂದೆ ಬಂದಳು. "ಯರ್ರೆಪ್ಪ" ಎಂದಳು. "ಯರ್ರೆಪ್ಪ. ಈಗ ಹೇಳೀನಿ, ಬರಕೋರಿ."

ಮೇಡಂ ಕೈಗಡಿಯಾರ ನೋಡಿಕೊಂಡರು. "ಊರಿಗೆ ಹೋಗಿ ಮಾತಾಡೋಣ, ಟ್ರಾಫಿಕ್ ಆಗತೈತಿ" ಎಂದು ಇಳಿದುಹೋದರು.

ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂರಲಿಲ್ಲ. ಊಟಕ್ಕೆ ನಿಲ್ಲಿಸಿದಾಗ ಹತ್ತಿರ ಹೋದೆ. ನಿನಗೆ ನೋವಾಗಬಾರದೆಂದು ಹಾಗೆ ಓದಿದೆ ಎಂದೆ.

"ಅಕಿ ಹೊರಗಿನಾಕಿ, ಸುಳ್ಳು ಹೇಳಿದ್ಲು. ನನ್ನ ಕಣ್ಣು ನೀನಾಗಿದ್ದಿ. ನೀ ಯಾಕ ಹೇಳಿದಿ? ಇಷ್ಟು ವರ್ಷ ಇನ್ನೇನೇನು ಸುಳ್ಳು ಓದಿದ್ಯೋ?"

ಬೇರೆ ಯಾವುದನ್ನೂ ನಾನು ಸುಳ್ಳು ಓದಿಲ್ಲ. ಆದರೆ ಅದನ್ನು ಈಗ ಹೇಗೆ ನಂಬಿಸುವುದು? ಬಂದು ಹನ್ನೆರಡು ದಿನವಾಯಿತು. ಅತ್ತೆ ಫೋನು ಹಿಡಿದುಕೊಂಡು ನಮ್ಮ ಮನೆ ದಾಟಿ ಶಿವಲೀಲಾಳ ಮನೆಗೆ ಹೋಗುತ್ತಾಳೆ. ನಾನು ಬಾಗಿಲಲ್ಲೇ ಇರುತ್ತೇನೆ. ಮೇಡಂ ಇನ್ನೂ ತೆಲಿಗಿಗೆ ಬಂದಿಲ್ಲ.

ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಶಿವಲೀಲಾಳೊಂದಿಗೆ ಕೊಟ್ಟೂರಿಗೆ ಹೋಗುತ್ತೇನೆ. ಮಾಮನ ಹೆಸರು ಹಾಕಬೇಕೆಂದು ಮೇಡಂ ಮ್ಯೂಸಿಯಂಗೆ ಬರೆದುಕೊಡುವವರೆಗೆ ಅವರ ಮನೆಯ ಮುಂದೆ ಕೂರುತ್ತೇನೆ. ಅವರು ಬರೆದದ್ದನ್ನು ಅತ್ತೆಗೆ ನಾನು ಓದುವುದಿಲ್ಲ, ಶಿವಲೀಲಾಳಿಂದ ಓದಿಸುತ್ತೇನೆ.